ನಲವತ್ತು ಕುಂಡದ ಮಣ್ಣು

ಬಸಣ್ಣಾ, ಒಡಹುಟ್ಟದಿದ್ದರೂ ಅಣ್ಣನಾದವರೇ,

ಇದನ್ನು ನಿಮಗೆ ಎರಡು ವರ್ಷದ ಹಿಂದೆಯೇ ಹೇಳಬೇಕಿತ್ತು. ಸೊರಬದ ಆ ಅಂಗಳದಲ್ಲಿ, ನೀವು ಟಿಲ್ಲರ್ ಹತ್ತುವ ಮೊದಲು. ಒಂದೇ ಮಾತು ಸಾಕಿತ್ತು. ಬರೆಯಲು ಕೂತರೆ ನನ್ನ ಕೈ ಓಡುವುದಿಲ್ಲ ಎಂದು ನಿಮಗೆ ಗೊತ್ತಲ್ಲ. ಅದಕ್ಕೆ ಮಂಗಳೂರಿನ ಈ ರೂಮಿನವರೆಲ್ಲ ಮಲಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಫೋನಿಗೆ ಹೇಳುತ್ತಿದ್ದೇನೆ. ಆಮೇಲೆ ಅದನ್ನೇ ಕೇಳಿಕೊಂಡು ಬರೆದಿಡುತ್ತೇನೆ. ನಡುವೆ ಎಲ್ಲಾದರೂ ನಿಂತುಬಿಟ್ಟರೆ...

ಮೊನ್ನೆ ಇಲ್ಲಿ ಒಂದು ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಗೆ ಹೋಗಿದ್ದೆ. ಬಾಲ್ಕನಿಯಲ್ಲಿ ಹದಿನಾರು ಕುಂಡ ಇಡಬೇಕಂತೆ. ಇಲ್ಲಿ ಮಣ್ಣು ಲೋಡಿನಲ್ಲಿ ಬರುವುದಿಲ್ಲ ಅಣ್ಣ, ಚೀಲದಲ್ಲಿ ಬರುತ್ತದೆ. ಚೀಲದ ಮೇಲೆ ಇಷ್ಟು ಲೀಟರ್ ಎಂದು ಬರೆದಿರುತ್ತದೆ, ಹಾಲಿನ ಹಾಗೆ. ಆ ಮನೆಯ ಮೇಡಂ "ಎಷ್ಟು ಚೀಲ ಬೇಕು ಹೇಳಿ, ಈಗಲೇ ಆರ್ಡರ್ ಮಾಡ್ತೇನೆ" ಎಂದರು. "ನಾಳೆ ಹೇಳ್ತೀನಿ ಮೇಡಂ" ಎಂದು, ನಾನೇ ತಂದಿದ್ದ ಒಂದು ಚೀಲದಿಂದ ಒಂದು ಕುಂಡಕ್ಕೆ ಮಣ್ಣು ಕಲಸಿ ತುಂಬಿ, ನೀರು ಹೊಯ್ದು, ಅಂಚಿನಲ್ಲಿ ಗೀರು ಹಾಕಿ ಬಂದೆ. "ಬೇರೆಯವರು ನಿಂತಲ್ಲೇ ಹೇಳ್ತಾರಲ್ಲ ಮಾರಾಯ್ರೇ" ಎಂದು ಅವರಿಗೆ ಅಸಮಾಧಾನ. ನಾನೂ ಒಂದು ಸಲ ನಿಂತಲ್ಲೇ ಹೇಳಿದವನು ಎಂದು ಅವರಿಗೆ ಹೇಗೆ ಹೇಳಲಿ?

ನಿಮ್ಮ ನರ್ಸರಿಗೆ ನಾನು ಮೊದಲ ಸಲ ಬಂದದ್ದು ಕೆಲಸ ಕೇಳಲು ಅಲ್ಲ, ಕುಡಿಯುವ ನೀರು ಕೇಳಲು. ಕುಬಟೂರಿನಿಂದ ಬ್ಯಾಗು ಹಾಕಿಕೊಂಡು ಹೊರಟಿದ್ದೆ, ದಾವಣಗೆರೆಗೆ ಹೋಗಿ ಏನಾದರೂ ಮಾಡುವುದೆಂದು. ಶಿಕಾರಿಪುರದಲ್ಲಿ ಬಸ್ಸು ಕೆಟ್ಟು ನಿಂತಿತು. ಕೆರೆ ಏರಿಯ ಕೆಳಗೆ ನಿಮ್ಮ ಹಸಿರು ಬಲೆಯ ನೆರಳು ಕಂಡಿತು. ಚೊಂಬು ಕೈಗೆ ಕೊಟ್ಟು ನೀವು ಮೂಲೆಯ ಮಣ್ಣಿನ ರಾಶಿ ತೋರಿಸಿದಿರಿ. "ಎಷ್ಟು ಪುಟ್ಟಿ ಆಗ್ತತೆ ಹೇಳು ನೋಡಾಣ." ಐವತ್ತು ಎಂದೆ. "ಬಸ್ ರಿಪೇರಿ ಆಗೋ ಮಟ ಸುಮ್ನೆ ಕೂತು ಏನ್ಮಾಡ್ತೀಯ? ಹೊತ್ತು ಆ ಕಡೆ ಹಾಕು, ಎಣಿಸಾಣ." ಹೊತ್ತೆ. ಮೂವತ್ತೊಂದು ಬುಟ್ಟಿಗೇ ನೆಲ ಕಂಡಿತು. ನೀವು ನಗಲಿಲ್ಲ. "ಹಸಿದೋನ ಕಣ್ಣಿಗೆ ರಾಶಿ ದೊಡ್ಡದೇ ಕಾಣಾದು. ಗೌರೀ, ಇವನಿಗೆ ಎರಡು ರೊಟ್ಟಿ ಕೊಡು" ಎಂದು ಮನೆಯವರನ್ನು ಕೂಗಿದಿರಿ. ಗೌರಕ್ಕ ಕೊಟ್ಟದ್ದು ನಾಲ್ಕು. ಬಸ್ಸು ಹೋಯಿತು, ನಾನು ಮೂರು ವರ್ಷ ಉಳಿದೆ. ನನ್ನ ಜನ್ಮದಲ್ಲಿ ಒಂದೇ ಕಡೆ ಅಷ್ಟು ದಿನ ನಿಂತದ್ದು ಅದೊಂದೇ.

ಒಂದು ಸಂಜೆ ಪೇಪರಿನ ಮೇಲೆ ಮಂಡಕ್ಕಿ ಸುರಿದುಕೊಂಡು ಕೂತಿದ್ದೆವು. "ಒಂದು ಲೋಟ ಮಂಡಕ್ಕಿ, ಅರ್ಧ ಲೋಟ ಪುಟಾಣಿ. ಸೇರ್ಸಿದ್ರೆ ಎಷ್ಟಾತಲೇ ಪರಶು?" ಎಂದಿರಿ. ಒಂದೂವರೆ ಎಂದೆ. ನೀವು ಎರಡನ್ನೂ ಡಬ್ಬಿಗೆ ಹಾಕಿ, ಕುಲುಕಿ, ಮತ್ತೆ ಲೋಟಕ್ಕೆ ಸುರಿದಿರಿ. ಒಂದು ಲೋಟ, ಮೇಲೆ ಚೂರು. "ಉಳಿದಿದ್ದು ಎಲ್ಲಿ ಹೋತು?" ಒಳಗಿನಿಂದ ಅಕ್ಕ, "ಅವನೇ ತಿಂದಿರ್ತಾನೆ, ಬಾಯಿ ತೆಗೆಸಿ ನೋಡ್ರಿ" ಎಂದಳು. ನೀವು ಡಬ್ಬಿ ತೋರಿಸಿದಿರಿ: "ಪುಟಾಣಿ ಸಂದಿಯಾಗೆ ಇಳೀತು. ಮಣ್ಣಿಗೆ ಗೊಬ್ಬರ, ಭತ್ತದ ಹೊಟ್ಟು ಸೇರ್ಸಿದ್ರೂ ಹಿಂಗೇ. ಎರಡು ಪುಟ್ಟಿ ಮಣ್ಣು, ಒಂದು ಪುಟ್ಟಿ ಗೊಬ್ಬರ, ಒಂದು ಪುಟ್ಟಿ ಹೊಟ್ಟು ಕಲಸಿದ್ರೆ ನಾಕು ಪುಟ್ಟಿ ಆಗಲ್ಲ. ಮೂರಾದ್ರೆ ಹೆಚ್ಚು. ಅದ್ರ ಮ್ಯಾಲೆ ನೀರು. ಹೊಸ ಮಣ್ಣು ಅಂದ್ರೆ ಮದುವೆ ಮನಿಗೆ ಬಂದ ಬೀಗರಿದ್ದಂಗೆ. ಬಂದಾಗ ಕೂರಾಕೆ ಜಾಗ ಸಾಲಲ್ಲ. ನೀರು ಕುಡಿದು ಸರಿದು ಕೂತ್ಮ್ಯಾಲೆ ಅರ್ಧ ಚಾಪೆ ಖಾಲಿ."

ಅದಕ್ಕೇ ನಿಮ್ಮದೊಂದು ನಿಯಮವಿತ್ತು. ಎಷ್ಟೇ ದೊಡ್ಡ ಕೆಲಸವಿರಲಿ, ಮೊದಲು ಒಂದೇ ಒಂದು ಕುಂಡ ತುಂಬಿಸು. ನೀರು ಕುಡಿಸು. ಒಂದು ರಾತ್ರಿ ಬಿಡು. ಬೆಳಿಗ್ಗೆ ಎಷ್ಟು ಬೆರಳು ಇಳಿದಿದೆ ನೋಡು, ಆಮೇಲೆ ಮಣ್ಣು ಎಷ್ಟೆಂದು ಹೇಳು. ಬೇರೆ ನರ್ಸರಿಯವರು ನಿಮ್ಮನ್ನು 'ನಾಳೆ ಬಸಣ್ಣ' ಎಂದು ಆಡಿಕೊಳ್ಳುತ್ತಿದ್ದರು. ಯಾರು ಏನು ಕೇಳಿದರೂ ನಾಳೆ ಹೇಳುತ್ತಾನೆ ಎಂದು. ನೀವು ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ನಿಮ್ಮ ಮಣ್ಣು ಯಾರ ಮನೆಯಲ್ಲೂ ಮಿಕ್ಕಿ ಮೂಲೆಯಲ್ಲಿ ಬಿದ್ದಿರಲಿಲ್ಲ, ಯಾರ ಮನೆಯಲ್ಲೂ ಕಡಿಮೆ ಬೀಳಲಿಲ್ಲ. ನಾನು ಲೆಕ್ಕ ಹೇಳುವವರೆಗೆ.

ಮೂರನೇ ವರ್ಷದ ಮಳೆಗಾಲ ಮುಗಿಯುತ್ತಿದ್ದಾಗ ಗೋವಾದಿಂದ ಗೆಳೆಯನ ಫೋನು ಬಂತು. ಹೋಟೆಲಿನ ತೋಟದ ಕೆಲಸ, ಶನಿವಾರದೊಳಗೆ ಬಂದರೆ ಉಂಟು. ನಿಮಗೆ ಹೇಳಿದಾಗ ನೀವು ಬೈಯಲಿಲ್ಲ. "ನಿನ್ನ ಕಾಲಾಗೆ ಚಕ್ರ ಐತಲೇ. ನೀನು ಗಿಡ ಆಗಿದ್ರೆ ಎಂದೋ ಒಣಗಿ ಹೋಗ್ತಿದ್ದೆ" ಎಂದಿರಿ. "ಹೋಗು. ಸೊರಬದ ಕೆಲಸ ಒಂದು ಮುಗಿಸಿಕೊಟ್ಟು ಹೋಗು."

ಸೊರಬದ ಶಾರದಮ್ಮನವರ ಜೊತೆ ಫೋನಿನಲ್ಲಿ ಮಾತಾಡಿದವನು ನಾನೇ. ಮಗಳ ನಿಶ್ಚಿತಾರ್ಥ ಮನೆಯಂಗಳದಲ್ಲೇ ಇಟ್ಟುಕೊಂಡಿದ್ದರು. ಬಣ್ಣದ ಡಬ್ಬಿ, ಎಣ್ಣೆ ಡಬ್ಬಿ, ಒಡೆದ ಬಕೆಟ್ಟುಗಳಲ್ಲಿ ಬೆಳೆಸಿದ ಗಿಡಗಳನ್ನೆಲ್ಲ ಹೊಸ ಸಿಮೆಂಟ್ ಕುಂಡಕ್ಕೆ ಬದಲಿಸಬೇಕು. ಕುಂಡ ಅವರೇ ತಂದಿದ್ದರು. ಗೊಬ್ಬರ, ಹೊಟ್ಟು ಅವರ ಕೊಟ್ಟಿಗೆಯಲ್ಲೇ ಬೇಕಾದಷ್ಟಿತ್ತು. ಮಣ್ಣು ಮತ್ತು ಮೈಗೆಲಸ ನಮ್ಮದು. "ನಲವತ್ತು ಕುಂಡ ಕಣ್ರಿ, ನಲವತ್ತು" ಎಂದು ಅವರು ಎರಡೆರಡು ಸಲ ಹೇಳಿದರು. ನೀವು ಕುಂಡ ಎಷ್ಟು ಎಂದು ಕೇಳಲಿಲ್ಲ. "ನೀನೇ ಹೋಗಿ ಒಂದು ಕುಂಡ ತುಂಬಿಸಿ ನೋಡ್ಕಂಡು ಬಾ. ಮಣ್ಣು ಎಷ್ಟು ಲೋಡು ಅಂತ ಅಷ್ಟು ಹೇಳು, ಸಾಕು" ಎಂದಿರಿ. ನನ್ನೊಬ್ಬನನ್ನೇ ಅಳತೆಗೆ ಕಳಿಸಿದ್ದು ಅದೇ ಮೊದಲು.

ಅವತ್ತು ಸೊರಬದಲ್ಲಿ ನಾನು ಕುಂಡ ತುಂಬಿಸಲಿಲ್ಲ, ಅಣ್ಣ. ತುಂಬಿಸಿದರೆ ಮರುದಿನ ಮತ್ತೆ ಬಸ್ಸು ಹತ್ತಿ ಬಂದು ನೋಡಬೇಕು. ಒಂದು ದಿನ ಹಾಳು, ಶನಿವಾರ ತಪ್ಪುತ್ತದೆ. ಗೇಣಿನಲ್ಲಿ ಒಂದು ಕುಂಡ ಅಳೆದೆ, ಫೋನಿನಲ್ಲಿ ನಲವತ್ತರಿಂದ ಗುಣಿಸಿದೆ, ಎರಡಕ್ಕೆ ಒಂದು ಒಂದು ಸೇರಿಸಿದರೆ ನಾಲ್ಕು ಎಂದುಕೊಂಡೆ. ಮಂಡಕ್ಕಿ, ಪುಟಾಣಿ ಎಲ್ಲ ನೆನಪಿತ್ತು. ನೆನಪಿಲ್ಲದೆ ಮಾಡಿದ್ದಲ್ಲ. ಆಗುತ್ತದೆ ಬಿಡು ಎಂದು ಮಾಡಿದ್ದು. ಮರುದಿನ ಸೊರಬಕ್ಕೆಂದು ಹೊರಟು, ಗೋವಾಕ್ಕೆ ಬೇಕಾದ್ದನ್ನೆಲ್ಲ ಕೊಂಡು ಬಂದೆ. ಸಂಜೆ ನೀವು ಕೇಳಿದಿರಿ:

"ಎಷ್ಟು ಇಳೀತಲೇ?"

"ಮೂರು ಬೆರಳು ಅಣ್ಣ."

"ಮೂರೇನಾ? ಹೊಟ್ಟು ಹಾಕಿದ್ಮ್ಯಾಲೆ ಐದಾದ್ರೂ ಇಳೀಬೇಕಲ್ಲೋ."

"ಇಲ್ಲಣ್ಣ, ನಾನೇ ನೋಡಿದೀನಿ. ಮೂರೇ. ಒಂದು ಟಿಲ್ಲರ್ ಲೋಡು ಸಾಕು."

ನೀವು ನನ್ನ ಮುಖವನ್ನೇ ನೋಡಿದಿರಿ. ಆಮೇಲೆ "ಆತು ಬಿಡು, ನೀನು ನೋಡಿದೀಯಲ್ಲ" ಎಂದು ಕೈ ತೊಳೆಯಲು ಹೋದಿರಿ. ಆ ನೋಟದಲ್ಲಿ ಅನುಮಾನವಿತ್ತೇ? ಇದ್ದಿದ್ದರೆ ಯಾಕೆ ಮತ್ತೆ ಕೇಳಲಿಲ್ಲ?

ಕೆಲಸದ ದಿನ ಬೆಳಿಗ್ಗೆ ಸೊರಬದ ಪರಿಚಯದವರ ಟಿಲ್ಲರ್ ತೆಗೆದುಕೊಂಡು ಉಳವಿ ರಸ್ತೆಯ ಕೆಮ್ಮಣ್ಣಿನ ದರೆಗೆ, ಗುಡ್ಡ ಕಡಿದು ಗೋಡೆಯಂತೆ ನಿಂತ ಜಾಗಕ್ಕೆ, ಇಬ್ಬರೂ ಹೋದೆವು. ಹಿಂದಿನ ಎರಡು ದಿನ ಸುರಿದು ದರೆ ನೆನೆದಿತ್ತು. ಮೇಲಿನಿಂದ ಸಣ್ಣ ಹೆಂಟೆಗಳು ಉದುರುತ್ತಿದ್ದವು. ನೀವು ಆಗಾಗ ತಲೆಯೆತ್ತಿ ನೋಡುತ್ತಾ ಬೇಗ ಬೇಗ ಸಲಿಕೆ ಆಡಿಸಿದಿರಿ. ಲೋಡು ತುಂಬಿದ ಮೇಲೆ, "ಒಂದಕ್ಕೇ ಮುಗೀತಲ್ಲ, ಪುಣ್ಯ. ಇದು ನೀರು ಬಿಡ್ತಾ ಐತೆ. ಇನ್ನ ಬಿಸಿಲು ಬಿದ್ದು ಒಣಗೋ ಮಟ ಇದರ ಬುಡಕ್ಕೆ ಬರಾದು ಬ್ಯಾಡ" ಎಂದಿರಿ. ನನಗೆ ಕೇಳಿಸಿತ್ತು, ಅಣ್ಣ. ಒಂದೊಂದು ಅಕ್ಷರವೂ ಕೇಳಿಸಿತ್ತು.

ಮಧ್ಯಾಹ್ನದ ಊಟಕ್ಕೆ ಮೊದಲೇ ಮಣ್ಣು ಖಾಲಿಯಾಯಿತು. ಇಪ್ಪತ್ತೇಳು ಕುಂಡ ತುಂಬಿತ್ತು, ಹದಿಮೂರು ಬಾಯಿ ತೆರೆದುಕೊಂಡು ಕೂತಿದ್ದವು. ಅವಸರದಲ್ಲಿ ನಾನು ಎಲ್ಲಾ ಗಿಡಗಳನ್ನೂ ಡಬ್ಬಿ ಒಡೆದು ಹೊರಗೆ ತೆಗೆದುಬಿಟ್ಟಿದ್ದೆ. ಬೇರು ಬಿಟ್ಟುಕೊಂಡು ಸಾಲಾಗಿ ಮಲಗಿದ್ದವು. ಶಾರದಮ್ಮನವರ ಮನೆಯವರೆಲ್ಲ ನಿಶ್ಚಿತಾರ್ಥದ ಸಾಮಾನಿಗೆ ಪೇಟೆಗೆ ಹೋಗಿದ್ದರು. ಅಂಗಳದಲ್ಲಿ ನಾವಿಬ್ಬರೇ. ನೀವು ಸೊಂಟದ ಮೇಲೆ ಕೈಯಿಟ್ಟು ಖಾಲಿ ಕುಂಡಗಳನ್ನು ನೋಡಿದಿರಿ.

"ಏನಲೇ ಇದು? ಹಿಂಗೆ ಯಾಕೆ ಕಡಿಮೆ ಬಿತ್ತು?"

ಆಗ ಹೇಳಬಹುದಿತ್ತು. ನೀವು ನಾಲ್ಕು ಬೈಯುತ್ತಿದ್ದಿರಿ, ಅಷ್ಟೆ. ಎರಡು ದಿನ ಬಿಟ್ಟು ಬರುತ್ತೇವೆ ಎಂದು ಶಾರದಮ್ಮನವರ ಕಾಲು ಹಿಡಿಯಬಹುದಿತ್ತು. ನಾನು, "ಇಪ್ಪತ್ತೇಳು ಕುಂಡ ಅಂದಿದ್ರು ಅಣ್ಣ. ಆಮೇಲೆ ಹದಿಮೂರು ಅವರೇ ಸೇರಿಸಿದಾರೆ. ನನಗೆ ಹೇಳೇ ಇಲ್ಲ" ಎಂದೆ.

ನಿಮ್ಮ ಮುಖ ಸಡಿಲಾಯಿತು. ಅದು ನನಗೆ ಇವತ್ತಿಗೂ ಕಾಣುತ್ತದೆ. "ಹಂಗಾದ್ರೆ ತಪ್ಪು ನಮ್ದಲ್ಲ ಬಿಡು" ಎಂದಿರಿ. ಟವಲಿನಲ್ಲಿ ಕತ್ತು ಒರೆಸಿಕೊಂಡು ಬೇರುಗಳ ಕಡೆ ನೋಡಿ, "ಆದ್ರೆ ತಪ್ಪು ಯಾರ್ದು ಅಂತ ಗಿಡಕ್ಕೆ ಗೊತ್ತಾಗ್ತತಾ? ನಾಳೆ ಬೆಳಿಗ್ಗೆ ಬೀಗರು ಬರ್ತಾರೆ. ಅರ್ಧ ಲೋಡು ತಂದುಬಿಡ್ತೀನಿ" ಎಂದಿರಿ. ನಾನೂ ಬರುತ್ತೇನೆ ಎಂದೆ. "ನೀನು ಗೋಣಿ ನೆನೆಸಿ ಬೇರಿಗೆ ಹೊದಿಸು, ಮ್ಯಾಲೆ ನೀರು ಹನಿಸ್ತಿರು. ಬಿಟ್ಟು ಬಂದ್ರೆ ಸಾಯ್ತಾವೆ."

ಗೋಣಿ ಹೊದಿಸಿದೆ. ನೀರು ಹನಿಸಿದೆ. ನಾಲ್ಕು ಗಂಟೆಯಾಯಿತು. ಫೋನು ಮಾಡಿದರೆ ರಿಂಗಾಗುತ್ತಿತ್ತು, ನೀವು ಎತ್ತಲಿಲ್ಲ. ಯಾರೋ ಬೈಕಿನವರು ಗೇಟಿನ ಹತ್ತಿರ ನಿಂತು, "ಕೆಮ್ಮಣ್ಣಿಗೆ ಹೋದ ಟಿಲ್ಲರ್ ನಿಮ್ದೇನ್ರಿ? ದರೆ ಜರಿದದೆ" ಎಂದರು. ಅವರ ಬೈಕಿನಲ್ಲೇ ಹೋಗಿ, ಅಲ್ಲಿ ಸೇರಿದ ಏಳೆಂಟು ಜನ ಕೈಯಲ್ಲೂ ಗುದ್ದಲಿಯಲ್ಲೂ ಬಗೆದೆವು. ಟಿಲ್ಲರ್ ಮುಕ್ಕಾಲು ತುಂಬಿತ್ತು. ಅರ್ಧ ಎಂದು ಹೋದವರು ಮುಕ್ಕಾಲು ಯಾಕೆ ತುಂಬಿದಿರಿ ಅಣ್ಣ? ಅರ್ಧಕ್ಕೇ ನಿಲ್ಲಿಸಿ ಹೊರಟಿದ್ದರೆ... ಇಲ್ಲ, ಗೊತ್ತು. ನನ್ನ ಮೂರು ಬೆರಳನ್ನು ನೀವು ನಂಬಿರಲಿಲ್ಲ. ಇಳಿಯುವ ಮಣ್ಣಿಗೂ ಸೇರಿಸಿ ತುಂಬುತ್ತಿದ್ದಿರಿ.

ಮರುದಿನ ನಿಮ್ಮವರು ಗುಂಡಿ ಅಳೆದರು. ಸತ್ತವರ ಪಾದದಿಂದಲೇ ಅಳೆಯಬೇಕಂತೆ, ನನಗೆ ಗೊತ್ತಿರಲಿಲ್ಲ. ಹಿರಿಯರೊಬ್ಬರು ದಾರದ ಒಂದು ತುದಿ ನನ್ನ ಕೈಗೆ ಕೊಟ್ಟು, ಹಿಮ್ಮಡಿಗೆ ಹಿಡಿ ಎಂದರು. ಹಿಡಿದೆ. ನಿಮ್ಮ ಹಿಮ್ಮಡಿಯ ಬಿರುಕಿನಲ್ಲಿ ಕೆಮ್ಮಣ್ಣು ಹಾಗೇ ಇತ್ತು, ತೊಳೆದರೂ ಹೋಗಿರಲಿಲ್ಲ. ನಿಮ್ಮನ್ನು ಕೂರಿಸಿ, ವಿಭೂತಿ ಇಟ್ಟು, ಮುಚ್ಚಿದ ಮೇಲೆ ಮಣ್ಣು ಮಿಕ್ಕಿತು. "ಮಣ್ಣು ಮಿಕ್ಕಿತು ನೋಡ್ರಿ, ಪುಣ್ಯವಂತ" ಎಂದು ಜನ ಮಾತಾಡಿಕೊಂಡರು. ಅಗೆದ ಮಣ್ಣು ಉಬ್ಬಿರುತ್ತದೆ, ಅದಕ್ಕೆ ಮಿಕ್ಕಿದೆ, ನಾಲ್ಕು ಮಳೆ ಬಿದ್ದರೆ ಒಂದು ಗೇಣು ಇಳಿಯುತ್ತದೆ ಎಂದು ನನ್ನ ತಲೆಯೊಳಗೆ ಲೆಕ್ಕ ಓಡುತ್ತಿತ್ತು. ಅಲ್ಲಿ ನಿಂತು ಅದನ್ನು ಯೋಚಿಸುವವನು ಎಂಥ ಮನುಷ್ಯ?

ಮೂರನೇ ದಿನ ಗೌರಕ್ಕ ಕೇಳಿದಳು. "ಒಂದೇ ಲೋಡು ಅಂದಿದ್ರಲ್ಲ. ಮತ್ತೆ ಯಾಕೆ ಹೋದ್ರು?" ನಿಮಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಅದೇ ಮಾತು, ಅದೇ ಹದಿಮೂರು ಕುಂಡ. ಅಕ್ಕ ಎದ್ದು ಚಪ್ಪಲಿ ಹಾಕಿಕೊಂಡಳು. ಸೊರಬದ ಬಸ್ಸಿನಲ್ಲಿ ನಾನು ಪಕ್ಕದಲ್ಲೇ ಕೂತಿದ್ದೆ. ದಾರಿಯುದ್ದಕ್ಕೂ ಹೇಳಲು ಹೊತ್ತಿತ್ತು. ಶಾರದಮ್ಮನವರ ಗೇಟಿನಲ್ಲಿ ಅಕ್ಕ ಬಗ್ಗಿ ಹಿಡಿ ಮಣ್ಣು ಬಾಚಿ ಅವರ ಮನೆ ಕಡೆ ತೂರಿದಳು. "ನಿನ್ನ ಹದಿಮೂರು ಕುಂಡಕ್ಕೆ ನನ್ನ ಮನಿ ಮಣ್ಣಾತು. ನಿನ್ನ ಮನ್ಯಾಗೂ ಇದೇ ಬೀಳ್ಲಿ." ಶಾರದಮ್ಮ ಅಳುತ್ತಾ ಓಡಿ ಬಂದರು. "ನಾನು ಜಾಸ್ತಿ ಹೇಳೇ ಇಲ್ಲ ಕಣ್ರಿ. ಮೊದ್ಲಿಂದ ನಲವತ್ತೇ. ಬೇಕಾದ್ರೆ ಇವರನ್ನ ಕೇಳ್ರಿ, ಇವರ ಹತ್ರನೇ ಹೇಳಿದ್ದು." ಇಬ್ಬರೂ ನನ್ನನ್ನು ನೋಡಿದರು. ನಾನು ಕುಂಡಗಳನ್ನು ನೋಡಿದೆ.

ಆಮೇಲೆ ಓಡಿದೆ. ಗೋವಾದಲ್ಲಿ ನಾಲ್ಕು ತಿಂಗಳು, ಹುಬ್ಬಳ್ಳಿಯಲ್ಲಿ ಐದು, ಕುಂದಾಪುರ, ಈಗ ಇಲ್ಲಿ. ಎಲ್ಲಿಗೆ ಹೋದರೂ ಭಾನುವಾರ ಅಕ್ಕನ ಫೋನು. "ಉಂಡ್ಯಾ? ಯಾವ ಊರಾಗೆ ಇದ್ದೀಯೋ ಈಗ? ಒಂದು ಕಡೆ ನಿಂದ್ರು ಮಾರಾಯ, ನನಗೂ ನಂಬರ್ ಬರ್ಕಳಾಕೆ ಬರ್ತತೆ." ಹಬ್ಬಕ್ಕೆ ಬಂದರೆ ಹೋಗುವಾಗ ಶೇಂಗಾ ಚಟ್ನಿಪುಡಿ ಕಟ್ಟಿ ಕೊಡುತ್ತಿದ್ದಳು. ನಿಮ್ಮ ಪುಟ್ಟಿ, ನಿಮ್ಮ ಸಲಿಕೆ ಎತ್ತಿಕೊಂಡು ನರ್ಸರಿಯನ್ನು ಅವಳೇ ನಡೆಸುತ್ತಿದ್ದಾಳೆ, ಅಣ್ಣ. ಒಂದು ಸಲ ಅಂದಳು, "ಅವರು ಹೋದ್ರು, ನೀನಾದ್ರೂ ಇದ್ದೀಯಲ್ಲ." ನಾನು ಊಟ ಬಿಟ್ಟು ಎದ್ದಿದ್ದೆ, ಹೊಟ್ಟೆ ಸರಿಯಿಲ್ಲ ಎಂದು.

ಹೋದ ತಿಂಗಳ ಒಂದು ಭಾನುವಾರ ಅಕ್ಕನ ದನಿ ಬೇರೆಯೇ ಇತ್ತು. "ಆ ಸೊರಬದಾಕಿ ಫೋನ್ ಮಾಡಿದ್ಲು ಪರಶು. ಒಂದೇ ಸಮ ಅತ್ಲು. 'ನಾನೇ ಹೇಳಿರ್ಬೇಕು ಅಕ್ಕ, ಹದಿಮೂರು ಆಮೇಲೆ ಸೇರ್ಸಿರ್ಬೇಕು, ನನಗೇ ನೆನಪು ಹೋಗೈತೆ, ತಪ್ಪಾತು' ಅಂದ್ಲು. ಕೊನಿಗೂ ಒಪ್ಕಂಡ್ಲು ನೋಡು."

ಮಾಡದ ತಪ್ಪನ್ನು ಒಬ್ಬರು ಒಪ್ಪಿಕೊಳ್ಳುತ್ತಾರೆಯೇ, ಅಣ್ಣ? ನಾನು ಫೋನು ಹಿಡಿದುಕೊಂಡು ರಸ್ತೆಯಲ್ಲೇ ಕೂತುಬಿಟ್ಟೆ. ಎರಡು ವರ್ಷ ನನ್ನ ಸುಳ್ಳು ನನ್ನ ಜೊತೆ ಊರೂರು ತಿರುಗುತ್ತಿದೆ ಎಂದುಕೊಂಡಿದ್ದೆ. ಅದು ಸೊರಬದಲ್ಲಿ ಆ ಹೆಂಗಸಿನ ಮನೆಯಲ್ಲಿ ಕೂತು ಅವರನ್ನು ತಿನ್ನುತ್ತಿತ್ತು. ಮರುದಿನವೇ ಶಿಕಾರಿಪುರಕ್ಕೆ ಹೊರಟೆ.

ನಾನು ಹೋದಾಗ ಅಕ್ಕ ಸೇವಂತಿಗೆ ಸಸಿಗಳಿಗೆ ಕವರ್ ತುಂಬುತ್ತಿದ್ದಳು. "ಹೇಳದೆ ಕೇಳದೆ ಬಂದೀಯಲ್ಲ, ಕೆಲಸ ಬಿಟ್ಯೇನು ಮತ್ತೆ?" ಎಂದು ನಕ್ಕಳು. ಕೈ ತೊಳೆದು ರೊಟ್ಟಿ, ಬದನೆಕಾಯಿ ಪಲ್ಯ ಹಾಕಿದಳು. ತಟ್ಟೆ ಮುಟ್ಟುವ ಮೊದಲೇ ಎಲ್ಲ ಹೇಳಿಬಿಟ್ಟೆ. ಕುಂಡ ತುಂಬಿಸದೆ ಇದ್ದದ್ದು, ಮೂರು ಬೆರಳು, ಹದಿಮೂರು ಕುಂಡ, ಎಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ. ಪಲ್ಯದ ಪಾತ್ರೆಯ ಮುಚ್ಚಳ ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು.

"ಅವರಿಗೂ ಇದೇ ಹೇಳಿದ್ಯಾ? ಹೋಗೋ ಮುಂದೆ?"

"ಹೂಂ."

"ಏನಂದ್ರು?"

"ತಪ್ಪು ನಮ್ದಲ್ಲ ಅಂದ್ರು."

ಅಕ್ಕ ತಟ್ಟೆಯನ್ನು ನನ್ನ ಕಡೆ ಸರಿಸಿ, "ಉಣ್ಣು. ಬಡಿಸಿದ್ದು ಬಿಡಬಾರ್ದು. ಉಂಡು ನಡಿ, ಸೊರಬಕ್ಕೆ ಹೋಗಾಣ" ಎಂದಳು. ಅವಳೆದುರಿಗೆ ಆ ರೊಟ್ಟಿ ನುಂಗಿದೆ. ಬಸ್ಸಿನಲ್ಲಿ ಅಕ್ಕ ಹೆಂಗಸರ ಸೀಟಿನಲ್ಲಿ ಮುಂದೆ ಕೂತಳು. ಪಕ್ಕದ ಸೀಟು ಶಿರಾಳಕೊಪ್ಪದ ತನಕ ಖಾಲಿಯೇ ಇತ್ತು. ನನ್ನನ್ನು ಕರೆಯಲಿಲ್ಲ.

ಶಾರದಮ್ಮನವರನ್ನು ನೋಡಿ ಗುರುತೇ ಸಿಗಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಕ್ಕನನ್ನು ಕಂಡ ಕೂಡಲೇ ಹಿಂದೆ ಸರಿದು ಬಾಗಿಲ ಪಟ್ಟಿ ಹಿಡಿದುಕೊಂಡರು. ಅಕ್ಕ ಗೇಟಿನ ಹೊರಗೇ ನಿಂತು, "ನಾನು ಅವತ್ತು ಅಂದಿದ್ದು ನಿಮಗೆ ಅಲ್ಲ ಸೇರಬೇಕಾಗಿದ್ದು, ಅಮ್ಮ. ಸೇರಬೇಕಾದೋನ್ನ ಕರ್ಕಂಡು ಬಂದೀನಿ. ಹೇಳಲೇ ಪರಶು" ಎಂದಳು. ನಾನು ಹೇಳಿದೆ. "ನೀವು ಮೊದಲಿಂದಲೂ ನಲವತ್ತೇ ಹೇಳಿದ್ರಿ ಅಮ್ಮ" ಎಂದೆ. ಶಾರದಮ್ಮ ಕೂಗಾಡುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಮೆಲ್ಲಗೆ ಕೇಳಿದರು, "ನಿಜನಾ? ನಲವತ್ತೇ ಅಂದಿದ್ನಾ ನಾನು?"

ಆಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿಕೊಂಡರು. "ಕ್ಯಾಲೆಂಡರಲ್ಲಿ ನಲವತ್ತು ಅಂತ ಬರೆದಿದ್ದೆ. ಮನೆಯವರಿಗೆ ತೋರ್ಸಿದೆ. ಆಮೇಲೆ ಬರೆದಿದೀಯ ಅಂದ್ರು. ಮಗಳೂ ಹಾಂಗೇ ಅಂದ್ಲು, 'ಹೋಗ್ಲಿ ಬಿಡಮ್ಮ, ಆಸೆಗೆ ಸೇರ್ಸಿರ್ತೀಯ' ಅಂತ. ದಿನಾ ಬೆಳಿಗ್ಗೆ ಎದ್ದು ಎಣಿಸ್ತೀನಿ. ಇಪ್ಪತ್ತೇಳು, ಹದಿಮೂರು. ಯಾವ ಹದಿಮೂರು ಆಮೇಲೆ ತಂದಿದ್ದು ಅಂತ ನೋಡ್ತೀನಿ. ಎಲ್ಲಾ ಒಂದೇ ದಿನ ಬಂದಹಾಂಗೇ ಕಾಣ್ತದೆ. ನನ್ ತಲೇಲೇ ಏನೋ ಹೋಗದೆ ಅಂತ..." ಅಷ್ಟಕ್ಕೆ ನಿಲ್ಲಿಸಿ, ಎದ್ದು, ನನ್ನ ತೋಳು ಹಿಡಿದುಕೊಂಡರು. ಬಿಗಿಯಾಗಿ. "ಇದನ್ನ ನಮ್ಮನೆಯವರ ಹತ್ರ ಹೇಳ್ರಿ. ನಾ ಹೇಳಿದ್ರೆ ನಂಬಲ್ಲ."

ಅವರ ಯಜಮಾನರು ಜಗಲಿಯ ಬೆಂಚಿನ ಮೇಲೆ ಅಡಕತ್ತರಿ ಹಿಡಿದು ಕೂತಿದ್ದರು. ನಾನು ಮುಂದೆ ನಿಂತು ಹೇಳಿದೆ. ಅವರು ಕಿವಿಗೆ ಕೈ ಆನಿಸಿ, "ಏನಂತಾನೆ ಇವ್ನು?" ಎಂದರು. "ಜೋರಾಗಿ ಹೇಳ್ರಿ, ಅವರಿಗೆ ಕಿವಿ ಮಂದ" ಎಂದರು ಶಾರದಮ್ಮ. ಮತ್ತೆ ಹೇಳಿದೆ. "ಬಸಣ್ಣನಾ? ಅವ್ರು ಸತ್ರಲ್ಲ ಪಾಪ" ಎಂದರು ಅವರು. ಪಕ್ಕದ ಮನೆಯವರು ಕಾಂಪೌಂಡಿನ ಹತ್ತಿರ ಬಂದು ನಿಂತರು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಸೈಕಲ್ ನಿಲ್ಲಿಸಿದರು. ಅಕ್ಕ ಹಿಂದಿನಿಂದ, "ಇನ್ನೂ ಜೋರಾಗಿ" ಎಂದಳು.

ಕೂಗಿದೆ, ಅಣ್ಣ. ಶಾರದಮ್ಮ ಹೇಳಿದ್ದು ನಲವತ್ತೇ. ಕುಂಡ ತುಂಬಿಸಿ ನೋಡದೆ ಮಣ್ಣಿನ ಲೆಕ್ಕ ಹೇಳಿದವನು ನಾನು. ಬಸಣ್ಣನನ್ನು ಮತ್ತೆ ದರೆಗೆ ಕಳಿಸಿದ್ದು ನನ್ನ ಸುಳ್ಳು. ಒಂದೊಂದನ್ನೂ ಬಿಡಿಬಿಡಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ.

ಮುದುಕರು ಅಡಕತ್ತರಿ ಕೆಳಗಿಟ್ಟರು. ನನ್ನ ಕಡೆ ನೋಡಲೂ ಇಲ್ಲ. ಹೆಂಡತಿಯ ಕಡೆ ತಿರುಗಿ, "ಹಾಂಗಾದ್ರೆ ನೀನು ಆಗ್ಲೇ ಬರೆದಿದ್ದೇನೇ ಕ್ಯಾಲೆಂಡರಲ್ಲಿ?" ಎಂದರು. ಶಾರದಮ್ಮ ಒಳಗೆ ಹೋದರು. ನಾವು ಹೊರಟೆವು.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ತಾನಾಗಿಯೇ ಮಾತಾಡಿದಳು, ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ. "ನಿನ್ನ ಮ್ಯಾಲೆ ಸಿಟ್ಟಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಲೆಕ್ಕ ತಪ್ಪಿದ್ದಕ್ಕೆ ಅಲ್ಲ. ಲೆಕ್ಕ ಅವರಿಗೂ ತಪ್ಪಿರ್ತಿತ್ತು ಎಂದಾದ್ರೂ. ಎರಡು ವರ್ಷ ನನ್ನ ಕೈಯಾಗಿನ ಅನ್ನ ಉಂಡ್ಯಲ್ಲ, ಆ ಬಾಯಾಗೆ ಒಂದು ಮಾತು ಬರ್ಲಿಲ್ಲಲ್ಲ." ನಾನು ಅಕ್ಕಾ ಎಂದೆ. ಅವಳು ಕೈ ಅಡ್ಡ ಹಿಡಿದಳು. "ಫೋನ್ ಮಾಡಬ್ಯಾಡ. ನಾನೂ ಮಾಡಲ್ಲ. ಹಬ್ಬಕ್ಕೂ ಬರಬ್ಯಾಡ. ನಾನಾಗಿ ಕರೆದ್ರೆ ಬಾ. ಕರೀದಿದ್ರೆ, ಬರಬ್ಯಾಡ." ಶಿಕಾರಿಪುರದ ಬಸ್ಸು ಬಂತು, ಹತ್ತಿದಳು. ಕಿಟಕಿಯ ಹತ್ತಿರ ಕೂತಳು. ಬಸ್ಸು ತಿರುಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಅವಳು ನೋಡುತ್ತಾಳೇನೋ ಎಂದು...

ಅವಳ ಮಾತು ಮೀರುವುದಿಲ್ಲ ಎಂದು ನಿಮಗೆ ಮಾತು ಕೊಡುತ್ತೇನೆ. ನಾಲ್ಕು ಭಾನುವಾರ ಆಯಿತು. ಫೋನು ಕೈಯಲ್ಲಿ ಹಿಡಿದು ಕೂರುತ್ತೇನೆ, ಒತ್ತುವುದಿಲ್ಲ. ತಪ್ಪು ನಮ್ಮದಲ್ಲ ಎಂದುಕೊಂಡು ಹೋದಿರಿ ನೀವು. ನಮ್ಮದೂ ಅಲ್ಲ, ನನ್ನೊಬ್ಬನದು. ಇದು ನಿಮಗೆ ಗೊತ್ತಾಗಬೇಕಿತ್ತು, ಗೊತ್ತಾಯಿತು.

ಇನ್ನು ಮೇಲೆ ಗೌರಕ್ಕ ಹೇಗಿದ್ದಾಳೆ ಎಂದು ನಿಮಗೆ ತಿಳಿಸಲು ನನ್ನಿಂದ ಆಗುವುದಿಲ್ಲ, ಅಣ್ಣ. ನನಗೂ ಗೊತ್ತಿರುವುದಿಲ್ಲ.

ಪರಶು